ರಿಂಗಮ್ಮ ಬರೆಯದ ಉಂಗುರ

"ಮನೇಲಿ ಪ್ರಾಣಿ ಗೀಣಿ ಏನಾದರೂ ಸಾಕಿದ್ದೀರಾ?" ಎಂದು ಮೂಳೆ ಡಾಕ್ಟರು ಕೇಳಿದಾಗ ರಿಂಗಮ್ಮ ಯೋಚನೆಯನ್ನೇ ಮಾಡದೆ "ಇಲ್ಲ" ಎಂದಳು.

"ನನ್ನನ್ನ ಬಿಟ್ಟರೆ ಇನ್ಯಾವುದೂ ಇಲ್ಲ ಡಾಕ್ಟ್ರೇ," ಎಂದರು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳ ಗಂಡ.

ಡಾಕ್ಟರು ನಗಲಿಲ್ಲ. ಆ ಪ್ರಶ್ನೆ ಅವರ ಕೈಯಲ್ಲಿದ್ದ ಕಾಗದದಲ್ಲಿ ಅಚ್ಚಾಗಿತ್ತು. ಅದರ ಮುಂದಿನ ಚೌಕದಲ್ಲಿ ಅಡ್ಡಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದರು. ರಿಂಗಮ್ಮ ಹೇಳಿದ್ದು ಸುಳ್ಳೇನಲ್ಲ. ಅವರಿದ್ದ ಮೂರನೇ ಮಹಡಿಯ ಎರಡು ಕೋಣೆಯ ಮನೆಗೆ ಸೊಳ್ಳೆ ಕೂಡ ಏದುಸಿರು ಬಿಡುತ್ತಲೇ ಬರಬೇಕು. ಕಾಗದ ಕೇಳಿದ್ದು ಈಗಿನದನ್ನು. ಆಗಿನದನ್ನು ಕೇಳುವ ಚೌಕ ಅದರಲ್ಲಿ ಇರಲೇ ಇಲ್ಲ.

ನಾಲ್ಕು ವರ್ಷದ ಹಿಂದೆ ಅವಳ ಬಲಗಾಲಿನ ಸವೆದ ಮಂಡಿಯನ್ನು ತೆಗೆದು ಲೋಹದ್ದೊಂದನ್ನು ಕೂರಿಸಿದ್ದರು. ಅದು ಬಂದ ಮೇಲೆ ಅವಳು ಮೂರು ಮಹಡಿಯನ್ನೂ ಗಂಡನಿಗಿಂತ ಮುಂಚೆ ಹತ್ತಿ, ಮೇಲೆ ನಿಂತು "ಬಂದ್ರಾ ಮಾಸ್ಟ್ರೇ?" ಎಂದು ಅಣಕಿಸುತ್ತಿದ್ದಳು. ಈಗ ಮೂರು ತಿಂಗಳಿಂದ ಅದೇ ಮಂಡಿ ಊದಿ ಕುಂಬಳಕಾಯಿ ಆಗಿತ್ತು. ಸಂಜೆ ನಾಲ್ಕಕ್ಕೆ ಸರಿಯಾಗಿ ಜ್ವರ ಬರುತ್ತಿತ್ತು, ದಿಂಬು ತೊಯ್ಯುವಷ್ಟು ಬೆವರಿಸಿ ಹೋಗುತ್ತಿತ್ತು, ಮರುದಿನ ಹೇಳಿ ಕಳಿಸಿದ ನೆಂಟನ ಹಾಗೆ ಮತ್ತೆ ಬರುತ್ತಿತ್ತು. ಮಂಡಿಯಿಂದ ನೀರು ತೆಗೆದು ಲ್ಯಾಬಿಗೆ ಕಳಿಸಿ ಮೂರು ದಿನವಾದರೂ ಅದರಲ್ಲಿ ಏನೂ ಬೆಳೆದಿರಲಿಲ್ಲ.

"ಉತ್ತರ ಸಿಗದೇ ಇದ್ದರೆ ಮುಂದಿನ ವಾರ ಹಾಕಿದ ಮಂಡೀನ ತೆಗೆಯೋದೇ ದಾರಿ," ಎಂದರು ಡಾಕ್ಟರು. "ಆ ಜಾಗಕ್ಕೆ ಔಷಧಿ ಬೆರೆಸಿದ ಸಿಮೆಂಟು ತುಂಬ್ತೀವಿ. ಮೂರು ತಿಂಗಳು ಕಾಲು ಮಡಚೋ ಹಾಗಿಲ್ಲ. ಆಮೇಲೆ ಹೊಸದು ಕೂರುತ್ತಾ ಇಲ್ವಾ, ಈಗಲೇ ಮಾತು ಕೊಡೋಕಾಗಲ್ಲ."

ಡಾಕ್ಟರು ಹೋದರು. ಅರವತ್ತಾರು ವರ್ಷದ ರಿಂಗಮ್ಮನಿಗೆ ಕಾಲಿನ ಭಯಕ್ಕಿಂತ ಮೂರನೇ ಮಹಡಿಯ ಭಯ ಹೆಚ್ಚಾಗಿತ್ತು. ಎಪ್ಪತ್ತೊಂದರ ಈ ಸೊಂಟನೋವಿನ ಮನುಷ್ಯ ತನ್ನನ್ನು ಎತ್ತಿಕೊಂಡು ಹೋಗುತ್ತಾರೆಯೇ?

ರಿಂಗಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹಾಲಿನ ಡೈರಿ ಇಟ್ಟದ್ದು. ಅಲ್ಲಿನ ಪರೀಕ್ಷೆಯ ಕೋಣೆಯಲ್ಲಿ ಅವಳು ಮೂವತ್ತೆರಡು ವರ್ಷ ಕೆಲಸ ಮಾಡಿದ್ದಳು. ಹಸುಗಳಿಗೆ ಬರುವ ಕಂದು ರೋಗವನ್ನು ಹಿಡಿಯುವುದು ಅವಳ ಕೆಲಸ. ತಿಂಗಳು ತುಂಬುವ ಮುಂಚೆ ಗಬ್ಬದ ಹಸು ಕರುವನ್ನು ಕಂದು ಹಾಕುವಂತೆ ಮಾಡುವ ರೋಗ ಅದು. ಹಸಿ ಹಾಲು ಕುಡಿದವರಿಗೂ, ಸತ್ತ ಕರುವನ್ನು ಮುಟ್ಟಿದವರಿಗೂ ಅಂಟುತ್ತದೆ. ರಿಂಗ್ ಟೆಸ್ಟ್ ಎಂಬ ಅದರ ಪರೀಕ್ಷೆ ಮಾತ್ರ ಬಹಳ ಸುಲಭ. ಕಿರಿದಾದ ಗಾಜಿನ ನಳಿಗೆಯಲ್ಲಿ ಹಾಲು ತೆಗೆದುಕೊಂಡು, ನೀಲಿ ಔಷಧಿಯ ಒಂದು ಹನಿ ಬಿಟ್ಟು, ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನಿಲ್ಲಿಸಬೇಕು. ಹಾಲೆಲ್ಲ ಒಂದೇ ಸಮ ತಿಳಿನೀಲಿಯಾಗಿ ಉಳಿದರೆ ಕ್ಷೇಮ. ನೀಲಿಯೆಲ್ಲ ಮೇಲೇರಿ ಕೆನೆಯ ಸುತ್ತ ಉಂಗುರ ಕಟ್ಟಿ, ಕೆಳಗಿನ ಹಾಲು ಅಚ್ಚ ಬಿಳಿಯಾಗಿ ನಿಂತರೆ ಆ ಹಸುವಿಗೆ ರೋಗ ಇದೆ ಎಂದರ್ಥ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವಳಷ್ಟು ಕಣ್ಣಾರೆ ಕಂಡವರು ಯಾರೂ ಇರಲಾರರು.

ಆ ಕೋಣೆಯನ್ನು ನೆನೆದರೆ ಅವಳಿಗೆ ಇಂದಿಗೂ ಮೂಗು ಅರಳುತ್ತದೆ. ಬಿಸಿ ಹಾಲಿನ ಆವಿ, ಸೋಪಿನ ನೀರು, ಒದ್ದೆ ರಬ್ಬರ್ ಬೂಟು ಎಲ್ಲ ಸೇರಿದ ಒಂದು ವಾಸನೆ. ಹೊರಗೆ ಕ್ಯಾನಿನ ಮುಚ್ಚಳಗಳ ಗಲಾಟೆ. ಕಿಟಕಿಯಾಚೆ ಹಾಲು ತಂದವರು ಪರೀಕ್ಷೆಯ ಫಲಿತಾಂಶಕ್ಕೆ ಬಂದ ಮಕ್ಕಳಂತೆ ಕತ್ತು ಉದ್ದ ಮಾಡಿ ನಿಲ್ಲುತ್ತಿದ್ದರು. "ಬಂದಿದೆಯಾ, ಬಂದಿಲ್ವಾ?" ಎಂದಷ್ಟೇ ಅವರ ಪ್ರಶ್ನೆ. "ಬಂದಿಲ್ಲ, ಹೋಗಿ," ಎಂದು ಇವಳು ಅಂದರೆ ಆ ಮುಖಗಳು ಅರಳುವುದನ್ನು ನೋಡಬೇಕಿತ್ತು. "ಬಂದಿದೆ" ಎಂದರೆ ಹಸುವಿನ ನಂಬರು ಪಟ್ಟಿಗೆ ಸೇರುತ್ತಿತ್ತು. ಎರಡು ದಿನದಲ್ಲಿ ಹಸಿರು ಬಣ್ಣದ ಲಾರಿ ಬಂದು ಅದನ್ನು ಕರೆದುಕೊಂಡು ಹೋಗುತ್ತಿತ್ತು. ಹೋದದ್ದು ತಿರುಗಿ ಬರುತ್ತಿರಲಿಲ್ಲ. ಅತ್ತವರಿದ್ದರು, ಬೈದವರಿದ್ದರು. ಒಬ್ಬಾತ ತನ್ನ ಟೋಪಿ ತೆಗೆದು ಅವಳ ಮೇಜಿನ ಮೇಲಿಟ್ಟು ಹೋಗಿದ್ದ. ಆದರೂ ಅವಳು ಒಂದು ದಿನವೂ ಪಟ್ಟಿಗೆ ಸುಳ್ಳು ಬರೆದವಳಲ್ಲ, ಒಂದು ದಿನವನ್ನು ಬಿಟ್ಟು.

ಆಗ ಅವರು ಡೈರಿಯ ಹಿಂದಿನ ಬೀದಿಯ ಹಳೆ ಮನೆಯಲ್ಲಿದ್ದರು. ಹಿತ್ತಿಲಲ್ಲಿ ಅತ್ತೆಯ ಹಸು. ಹೆಣ್ಣುಮಕ್ಕಳಿಲ್ಲದ ಅತ್ತೆ ಅದನ್ನು "ಮಗಳೇ" ಎಂದೇ ಕರೆಯುತ್ತಿದ್ದರು. "ಮಗಳೇ, ಮೈ ಬಿಸಿಯಾಗಿದೆಯಲ್ಲೇ", "ಮಗಳೇ, ಇವತ್ತು ಯಾಕೆ ಸಿಟ್ಟು?" ಎಂದು ದಿನವೆಲ್ಲ ನಡೆಯುತ್ತಿತ್ತು. ಸೊಸೆಯೊಂದಿಗೆ ಮಾತ್ರ "ಇವಳೇ" ಎಂದು ಶುರುವಾಗಿ "ಇವಳೇ" ಎಂದೇ ಮುಗಿಯುತ್ತಿತ್ತು. ಅತ್ತೆಗೆ ಮಗಳಾದರೆ ತನಗೆ ನಾದಿನಿಯಲ್ಲವೇ ಎಂದು ರಿಂಗಮ್ಮ ಹಸುವಿಗೆ ನಾದಿನಿ ಎಂದೇ ಹೆಸರಿಟ್ಟಳು. ಮನೆಯಲ್ಲಿ ಆ ಹೆಸರು ನಿಂತುಬಿಟ್ಟಿತು. "ನಾದಿನಿ ಒದ್ದಳು" ಎಂದು ಅವಳು ಡೈರಿಯಲ್ಲಿ ಹೇಳಿದಾಗ ಹೊಸಬರು ಕನಿಕರದಿಂದ ನೋಡುತ್ತಿದ್ದರು.

ಗಂಡ ಬೀದಿಯ ತುದಿಯ ಬಟ್ಟೆ ಹೊಲಿಯುವ ಅಂಗಡಿಯಲ್ಲಿ ಕಟಿಂಗ್ ಮಾಸ್ಟರು. ಎದೆಯೆತ್ತರದ ಮೇಜಿನ ಮುಂದೆ ನಿಂತು, ಸೀಮೆಸುಣ್ಣದಲ್ಲಿ ಒಂದೇ ಗೆರೆ ಎಳೆದು, ದೊಡ್ಡ ಕತ್ತರಿಯನ್ನು ಬಟ್ಟೆಯ ಮೇಲೆ ಹರಿಸಿದರೆ ಮಿಕ್ಕ ದರ್ಜಿಗಳು ಮಷೀನು ನಿಲ್ಲಿಸಿ ನೋಡುತ್ತಿದ್ದರು. ಮದುವೆಗೆ ಮುಂಚೆ ರಿಂಗಮ್ಮನೂ ಆ ಅಂಗಡಿಯ ಮುಂದೆ ಬೇಕೆಂದೇ ನಿಧಾನವಾಗಿ ನಡೆದವಳು. ಮಾಸ್ಟರಿಗೆ ಬೆಳಿಗ್ಗೆ ಎದ್ದ ಕೂಡಲೇ ಹಿತ್ತಿಲಿಗೆ ಹೋಗಿ, ಅಮ್ಮ ಕರೆಯುತ್ತಿದ್ದ ಹಾಲನ್ನು ಕೆಚ್ಚಲಿನ ಬಿಸಿ ಆರುವ ಮುಂಚೆ, ನೊರೆಯ ಸಮೇತ ಒಂದು ಲೋಟ ಕುಡಿಯುವ ಅಭ್ಯಾಸ. ಮೀಸೆಯ ಮೇಲೆ ನೊರೆಯ ಗೆರೆ ಇಟ್ಟುಕೊಂಡೇ ಅವರು ಕೆಲಸಕ್ಕೆ ಹೊರಡುತ್ತಿದ್ದರು.

ಒಂದು ಬೆಳಿಗ್ಗೆ ನಾದಿನಿ ಏಳನೇ ತಿಂಗಳಲ್ಲೇ ಕಂದು ಹಾಕಿತು. ಮಾಸ್ಟರು ಅಂಗಡಿಗೆ ಹೋಗಿದ್ದರು. ಅತ್ತೆ ಕೊಟ್ಟಿಗೆಯ ನೆಲದಲ್ಲಿ ಕೂತು ಹಸುವಿನ ಕತ್ತು ತಬ್ಬಿಕೊಂಡಿದ್ದರು. ಕರುವನ್ನು ಎಳೆದವಳು, ಗರ್ಭದಲ್ಲಿ ಉಳಿದ ಮಾಸನ್ನು ಬರಿಗೈಯಲ್ಲಿ ಬಿಡಿಸಿ ತೆಗೆದವಳು ರಿಂಗಮ್ಮ. ಡೈರಿಯಲ್ಲಿ ಕೈಗವಸಿಲ್ಲದೆ ನಳಿಗೆಯನ್ನೂ ಮುಟ್ಟದವಳು ಅಂದು ಹಿತ್ತಿಲಲ್ಲಿ ಮೊಣಕೈವರೆಗೆ ರಕ್ತ ಮಾಡಿಕೊಂಡಿದ್ದಳು. ಮನೆಯದು ಮನೆಯದೇ, ಕೆಲಸದ್ದು ಕೆಲಸದ್ದೇ ಎಂದು ಬುದ್ಧಿ ಎರಡು ಕೋಣೆ ಮಾಡಿಕೊಂಡಿರುತ್ತದೆ, ಎಂಥ ಜಾಣರಿಗೂ ಇದು ತಪ್ಪಿದ್ದಲ್ಲ. ಎಲ್ಲ ಮುಗಿದ ಮೇಲೆ ಅತ್ತೆ ನೀರು ತಂದು ಸೊಸೆಯ ಕೈಗೆ ಹೊಯ್ದರು. ಬೆರಳು ಬೆರಳನ್ನೂ ತಾವೇ ಉಜ್ಜಿ ತೊಳೆದರು. ತೊಳೆಯುತ್ತ ತೊಳೆಯುತ್ತ, ತಲೆ ಎತ್ತದೆ, "ಸುಸ್ತಾಯ್ತಾ ಮಗಳೇ?" ಎಂದರು.

ಆ ಮಾತು ಹಸುವಿಗೆ ಅಂದದ್ದಿರಬಹುದೆಂದು ರಿಂಗಮ್ಮ ಹಿಂದೆ ತಿರುಗಿ ನೋಡಿದಳು. ಅಲ್ಲ, ತನಗೇ.

ಮರುದಿನ ಅವಳು ನಾದಿನಿಯ ಹಾಲನ್ನು ನಳಿಗೆಯಲ್ಲಿ ತೆಗೆದುಕೊಂಡು ಹೋದಳು. ಒಂದು ಗಂಟೆಯ ಮೇಲೆ ನೋಡಿದರೆ ಉಂಗುರ. ಇನ್ನೊಂದು ಸಲ ಮಾಡಿದಳು, ಮತ್ತೆ ಉಂಗುರ. ಮೂರನೆಯ ಸಲ ಬೇಕೇ ಇರಲಿಲ್ಲ, ಆದರೂ ಮಾಡಿದಳು. ನೀಲಿ ಅಂಚು, ಕೆಳಗೆ ಬಿಳಿ ಹಾಲು. ಅಷ್ಟು ಚೆಂದದ ಉಂಗುರವನ್ನು ಅವಳು ಯಾರ ಹಸುವಿನಲ್ಲೂ ಕಂಡಿರಲಿಲ್ಲ. ಹಸಿರು ಲಾರಿ ತಮ್ಮ ಬೀದಿಗೆ ಬರುವುದು ಕಣ್ಣಿಗೆ ಕಟ್ಟಿತು. ಅದರ ಹಿಂದೆ "ಮಗಳೇ" ಎನ್ನುತ್ತ ಓಡುವ ಅತ್ತೆಯೂ ಕಂಡರು. ಮೂರೂ ನಳಿಗೆಗಳನ್ನು ತೊಟ್ಟಿಗೆ ಸುರಿದು, ಪಟ್ಟಿಯಲ್ಲಿ "ಬಂದಿಲ್ಲ" ಎಂದು ಬರೆದಳು.

ತಪ್ಪನ್ನು ಸರಿದೂಗಿಸಲು ಅವಳು ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ನಾದಿನಿಯ ಹಾಲು ಡೈರಿಗೆ ಹೋಗದಂತೆ ನೋಡಿಕೊಂಡಳು. ಮತ್ತೆ ಗಬ್ಬ ಕಟ್ಟಿಸಲು ಬಿಡಲಿಲ್ಲ. ಮನೆಯ ಹಾಲನ್ನು ಪಾಯಸದಷ್ಟು ಕುದಿಸಿದಳು. ಮಾಸ್ಟರ ನೊರೆಹಾಲಿನ ಲೋಟವೊಂದು ಮಾತ್ರ ಅವಳ ಕೈಮೀರಿತು. "ಹಸಿ ಹಾಲು ಕುಡಿದರೆ ಹೊಟ್ಟೆ ಬರುತ್ತೆ," ಎಂದಳು. "ಮೀಸೆ ಬೇಗ ನರೆಯುತ್ತೆ," ಎಂದಳು. ನಿಜ ಒಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳಿದಳು. ಮಾಸ್ಟರು ಹೂಂ ಅಂದು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಹಿತ್ತಿಲಲ್ಲಿ ಕುಡಿಯುತ್ತಲೇ ಇದ್ದರು. ಅಮ್ಮ ಕರೆದು ಕೊಡುತ್ತಲೇ ಇದ್ದರು.

ಆ ವರ್ಷ ರಿಂಗಮ್ಮನಿಗೆ ಹತ್ತು ದಿನ ಜ್ವರ ಬಂದು ಹೋಯಿತು. ಮಾಸ್ಟರಿಗೆ ಬಂದದ್ದು ಹೋಗಲಿಲ್ಲ. ಸಂಜೆ ಜ್ವರ, ಬೆವರು, ಆಮೇಲೆ ಸೊಂಟ. ಎಕ್ಸ್‌ರೇ ತೆಗೆಸಿದರೆ ಏನೂ ಕಾಣಲಿಲ್ಲ. ಕಾರಣ ಕಾಣದ ನೋವಿಗೆ ಊರು ಬೇಗ ಹೆಸರಿಡುತ್ತದೆ. ಆದರೆ ಮೊದಲು ಹೆಸರಿಟ್ಟವಳು ರಿಂಗಮ್ಮನೇ. ಅಂಗಡಿಯಿಂದ ನೋಡಲು ಬಂದವರ ಮುಂದೆ, ಕಾರಣ ಗೊತ್ತಿದ್ದೂ ನಗುತ್ತ, "ಅಯ್ಯೋ, ಎಲ್ಲ ನಾಟಕ. ಕೆಲಸಕ್ಕೆ ಹೋಗೋಕೆ ಸೋಮಾರಿತನ," ಎಂದುಬಿಟ್ಟಳು. ಎಲ್ಲರೂ ನಕ್ಕರು, ಮಾಸ್ಟರೂ ನಕ್ಕರು. ಅಂಗಡಿಗೆ ಆ ಮಾತು ಅಂಟಿಕೊಂಡಿತು. ಒಂದೂವರೆ ವರ್ಷದ ನಂತರ ಜ್ವರ ತಾನಾಗಿ ಬಿಟ್ಟರೂ ಸೊಂಟ ಸರಿಹೋಗಲಿಲ್ಲ. ಮೇಜಿನ ಮುಂದೆ ನಿಲ್ಲಲಾಗದೆ ಅವರು ಕತ್ತರಿ ಕೆಳಗಿಟ್ಟು ಮೂಲೆಯಲ್ಲಿ ಕೂತು ಕಾಜಾ ಹೊಲಿಯತೊಡಗಿದರು, ಗುಂಡಿ ಹಚ್ಚತೊಡಗಿದರು. ಜನ ಹಳೆ ಮರ್ಯಾದೆಗೆ ಮಾಸ್ಟರು ಎಂದೇ ಕರೆಯುತ್ತಿದ್ದರು, ಆದರೆ ಆ ಅಂಗಡಿಯಲ್ಲಿ ಯಾರೂ ಮತ್ತೆ ಮಷೀನು ನಿಲ್ಲಿಸಿ ಅವರನ್ನು ನೋಡಲಿಲ್ಲ.

ನಾದಿನಿ ಇನ್ನೂ ಒಂಬತ್ತು ವರ್ಷ ಬದುಕಿತು. ಅದು ಹೋದ ಎರಡು ತಿಂಗಳಿಗೆ ಅತ್ತೆಯೂ ಹೋದರು. ಅಷ್ಟು ವರ್ಷವೂ ಅವರು ಸೊಸೆಯನ್ನು "ಮಗಳೇ" ಎಂದೇ ಕರೆದರು. ಆ ಒಂಬತ್ತು ವರ್ಷದ ಬೆಳಗುಗಳಿಗಾಗಿ ರಿಂಗಮ್ಮ ಈಗಲೂ ಹಂಬಲಿಸುತ್ತಾಳೆ. ಹಂಬಲಿಸಿದಾಗಲೆಲ್ಲ ಮೂಲೆಯಲ್ಲಿ ಕೂತು ದಾರ ಪೋಣಿಸುವ ಗಂಡ ನೆನಪಾಗಿ ಹಂಬಲ ಅರ್ಧಕ್ಕೇ ನಿಲ್ಲುತ್ತದೆ.

ಮಂಡಿಯ ನೀರು ಲ್ಯಾಬಿಗೆ ಹೋದ ಐದನೆಯ ದಿನ ಬೆಳಿಗ್ಗೆ ಲ್ಯಾಬಿನಾಕೆ ರಕ್ತ ತೆಗೆಯಲು ಬಂದಳು. ನಲವತ್ತೈದರ ಆಸುಪಾಸಿನ, ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟ ಮಾತಿನ ಮಲ್ಲಿ. ರಿಂಗಮ್ಮನೂ ಒಂದು ಕಾಲದ ಲ್ಯಾಬಿನವಳು ಎಂದು ತಿಳಿದ ದಿನದಿಂದ ಇಬ್ಬರಿಗೂ ತವರು ಒಂದೇ ಆದಂತಿತ್ತು. ಮಾಸ್ಟರು ಸ್ಟೂಲಿನ ಮೇಲೆ ಕೂತು ಹೆಂಡತಿಯ ಆಸ್ಪತ್ರೆ ಅಂಗಿಗೆ ಬಿದ್ದುಹೋದ ಗುಂಡಿ ಹಚ್ಚುತ್ತಿದ್ದರು.

"ಮಂಡಿ ನೀರು ಹಾಕಿ ಬೆಳೆಯೋಕಿಟ್ಟ ತಟ್ಟೆಯಲ್ಲಿ ಏನಾದರೂ ಬಂತಾ?" ಎಂದು ರಿಂಗಮ್ಮ ಕೇಳಿದಳು.

"ಇವತ್ತು ಬಂದಿದೆ ಅಮ್ಮ. ಸಣ್ಣ ಸಣ್ಣದು, ಹುಲ್ಲಿನ ಮೇಲಿನ ಇಬ್ಬನಿ ಥರ. ಯಂತ್ರಕ್ಕೆ ಕೊಟ್ಟರೆ ಅದು ಏನೇನೋ ಹೆಸರು ಹೇಳ್ತಿದೆ. ನನಗೆ ನಂಬಿಕೆ ಇಲ್ಲ."

"ತಟ್ಟೆ ಎಲ್ಲಿದೆ?"

"ಮೇಜಿನ ಮೇಲೇ ಇದೆ. ಮುಚ್ಚಳ ತೆಗೆದು ಮೂಸಿ ಕೂಡ ನೋಡಿದೆ. ನಮ್ಮ ಕೆಲಸದವರ ಚಾಳಿ ನಿಮಗೆ ಗೊತ್ತಲ್ಲ, ಮೂಗಿಗೆ ಅರ್ಧ ವಿಷಯ ಗೊತ್ತಾಗಿಬಿಡುತ್ತೆ. ಇದಕ್ಕೆ ವಾಸನೇನೇ ಇಲ್ಲ."

ರಿಂಗಮ್ಮ ದಿಂಬಿನಿಂದ ತಲೆ ಎತ್ತಿದಳು. ಐದು ದಿನ ಸುಮ್ಮನಿದ್ದು ಇಬ್ಬನಿಯಂತೆ ಏಳುವ ಹುಳ. ಸಂಜೆಯ ಜ್ವರ, ಬೆವರು. ಮೂರು ತಿಂಗಳಿಂದ ಮೈಯೇ ಹೇಳುತ್ತಿದ್ದದ್ದನ್ನು ಅವಳು ಕೇಳಿಸಿಕೊಂಡಿರಲಿಲ್ಲ, ಅಥವಾ ಕೇಳಿಸಿಕೊಳ್ಳಲು ಇಷ್ಟವಿರಲಿಲ್ಲ. ಮೂವತ್ತೊಂದು ವರ್ಷ ಎಲ್ಲೋ ಅವಿತು ಕೂತಿದ್ದದ್ದು ಹೊಸ ಲೋಹದ ಕೀಲನ್ನು ಕಂಡು ಅಲ್ಲಿ ಬಿಡಾರ ಹೂಡಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರು ಹೇಳಿಕೊಟ್ಟ ಮಾತು ನೆನಪಾಯಿತು: ಈ ಹುಳ ಹಸುವಿನಿಂದ ಅಂಟುವುದಕ್ಕಿಂತ ಬೇಗ ತಟ್ಟೆಯಿಂದ ಮೂಗಿಗೆ ಹಾರುತ್ತದೆ, ತಟ್ಟೆಯನ್ನು ಯಾವತ್ತೂ ಮೂಸಬೇಡ.

ಈಗ ಹೇಳಿದರೆ ಎರಡು ಮಾರಿನಾಚೆ ಸೂಜಿ ಹಿಡಿದು ಕೂತವರಿಗೆ ಎಲ್ಲವೂ ಕೇಳಿಸುತ್ತದೆ. ಹೇಳದಿದ್ದರೆ ಕಾಲು ಹೋಗುತ್ತದೆ, ಹೋಗಲಿ, ಅದು ಅವಳ ಕಾಲು. ಆದರೆ ಈ ಹೆಂಗಸು ಮತ್ತೆ ಆ ಮೇಜಿಗೆ ಹೋಗುತ್ತಾಳೆ, ಮತ್ತೆ ಮುಚ್ಚಳ ತೆಗೆಯುತ್ತಾಳೆ. ಇನ್ನೊಬ್ಬರ ಸೊಂಟದ ಮೇಲೆ ಇನ್ನೊಮ್ಮೆ "ಬಂದಿಲ್ಲ" ಎಂದು ಬರೆಯುವುದು ಅವಳಿಂದ ಆಗಲಿಲ್ಲ.

"ಮೊದಲು ಹೋಗಿ ಆ ತಟ್ಟೆ ಮುಚ್ಚಿ ಟೇಪು ಸುತ್ತಿ," ಎಂದಳು. "ಯಾರೂ ಮುಟ್ಟಬಾರದು. ಅದು ಕಂದು ರೋಗದ್ದು."

"ಬ್ರುಸೆಲ್ಲಾನಾ?" ಆಕೆ ಕನ್ನಡಕ ಏರಿಸಿದಳು. "ನಿಮಗೆಲ್ಲಿಂದ ಬರಬೇಕು ಅಮ್ಮ? ಪ್ರಾಣಿ ಇಲ್ಲ ಅಂತ ಬರೆದಿದೆಯಲ್ಲ."

"ಇತ್ತು. ಮೂವತ್ತೊಂದು ವರ್ಷದ ಹಿಂದೆ. ನಮ್ಮ ನಾದಿನಿಗೆ ಇತ್ತು."

"ನಾದಿನಿಗಾ?"

"ನಾದಿನಿ ಅಂದ್ರೆ ಹಸು," ಎಂದರು ಮಾಸ್ಟರು ತಲೆ ಎತ್ತದೆ. ಆಮೇಲೆ ಅವರ ಸೂಜಿ ನಿಂತಿತು.

"ಉಂಗುರ ಬಂದಿತ್ತು," ಎಂದಳು ರಿಂಗಮ್ಮ. ಲ್ಯಾಬಿನಾಕೆಗೆ ಹೇಳಲು ಹೊರಟವಳು ಗಂಡನ ಮುಖ ನೋಡುತ್ತಿದ್ದಳು. "ಮೂರು ಸಲ ಬಂದಿತ್ತು. ನಾನು ಬಂದಿಲ್ಲ ಅಂತ ಬರೆದೆ."

ಲ್ಯಾಬಿನಾಕೆ ಓಡಿದಳು. ಮಾಸ್ಟರು ದಾರವನ್ನು ಹಲ್ಲಿನಲ್ಲಿ ಕತ್ತರಿಸಿ, ಅಂಗಿಯನ್ನು ಮಡಿಸಿ ಮಂಚದ ತುದಿಯಲ್ಲಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಹೊರಗೆ ಹೋದರು. ಆ ದಿನ ಮತ್ತೆ ಬರಲಿಲ್ಲ. ನಾಲ್ಕಕ್ಕೆ ಜ್ವರ ಮಾತ್ರ ಬಂತು.

ಅಷ್ಟರಲ್ಲಿ ಡಾಕ್ಟರು ಬಂದು ಎಲ್ಲ ಕೇಳಿಕೊಂಡು, ಕಾಗದದ ಚೌಕದ ಅಡ್ಡಗೆರೆಯನ್ನು ಹೊಡೆದುಹಾಕಿದರು. "ಕೀಲು ಇನ್ನೂ ಗಟ್ಟಿಯಾಗೇ ಇದೆ, ಅಲ್ಲಾಡ್ತಿಲ್ಲ. ಇದೇ ಅಂತ ಖಾತ್ರಿಯಾದರೆ ತೆಗೆಯೋದು ಬೇಡ. ಆರು ತಿಂಗಳು ಮಾತ್ರೆ ನುಂಗಿ ನೋಡೋಣ," ಎಂದರು. ಲ್ಯಾಬಿನಾಕೆಗೂ ಜೊತೆಯವರಿಗೂ ಮುಂಜಾಗ್ರತೆಗೆ ಮೂರು ವಾರದ ಮಾತ್ರೆ ಶುರುವಾಗಿತ್ತು. ಕಾಲು ಉಳಿಯುವ ಸುದ್ದಿಯನ್ನು ಹೇಳಿಕೊಳ್ಳಬೇಕಾದ ಮನುಷ್ಯ ಸ್ಟೂಲಿನ ಮೇಲೆ ಇರಲಿಲ್ಲ. ರಿಂಗಮ್ಮ ಗೋಡೆಗೆ ಮುಖ ಮಾಡಿ ಅತ್ತಳು.

ಮರುದಿನ ಬೆಳಿಗ್ಗೆ ಮಾಸ್ಟರು ಬಂದರು. ಮೊಣಕೈಯ ಒಳಮಗ್ಗುಲಿಗೆ ಹತ್ತಿಯ ಉಂಡೆ ಅಂಟಿಸಿತ್ತು, ಹಿಂದಿನ ದಿನವೇ ಲ್ಯಾಬಿನಲ್ಲಿ ರಕ್ತ ಕೊಟ್ಟು ಹೋಗಿದ್ದರು. ಸ್ಟೂಲಿನ ಮೇಲೆ ಕೂತರು.

"ಸೊಂಟ ಹೋಯ್ತು, ಹೋಗ್ಲಿ," ಎಂದರು. "ಕತ್ತರಿ ಹೋಯ್ತು, ಅದೂ ಹೋಗ್ಲಿ. ನಾಟಕ ಅಂದ್ಯಲ್ಲೇ. ಗೊತ್ತಿದ್ದೂ ಅಂದ್ಯಲ್ಲ."

"ಅಂದೆ."

"ಅಂಗಡಿಯೋರು ಸಾಯೋವರೆಗೂ ಅದನ್ನೇ ಅಂದರು. ನನಗೇ ಅನುಮಾನ ಬಂದುಬಿಟ್ಟಿತ್ತು. ಬೆಳಿಗ್ಗೆ ಎದ್ದು ನೋವಾದರೆ, ನಿಜವಾಗಲೂ ನೋಯ್ತಿದೆಯಾ, ನಾನೇ ನಾಟಕ ಆಡ್ತಿದ್ದೀನಾ ಅಂತ."

ರಿಂಗಮ್ಮನಿಗೆ ಸೊಂಟದ ಲೆಕ್ಕ ಗೊತ್ತಿತ್ತು, ಇದು ಗೊತ್ತಿರಲಿಲ್ಲ. "ನಾಟಕ ಆಡಿದ್ದು ನಾನು," ಎಂದಳು.

"ಅಮ್ಮನಿಗೆ ಗೊತ್ತಿತ್ತಾ?"

"ಇಲ್ಲ."

"ಒಳ್ಳೇದಾಯ್ತು," ಎಂದರು. "ಆ ಲೋಟ ಕೊಡ್ತಿದ್ದೋಳು ಅವಳು."

ಹೊತ್ತು ಏರುವಷ್ಟರಲ್ಲಿ ಲ್ಯಾಬಿನಾಕೆ ಒಂದು ಸ್ಟ್ಯಾಂಡಿನಲ್ಲಿ ಗಾಜಿನ ನಳಿಗೆಗಳ ಎರಡು ಸಾಲು ಹಿಡಿದು ಬಂದಳು. "ಮೇಲಿನೋರಿಗೆ ಹೇಳಿ ತಂದಿದ್ದೀನಿ. ಇದರಲ್ಲಿರೋದು ಸತ್ತ ಹುಳ, ಭಯ ಇಲ್ಲ. ನೀವೇ ಓದಿ ಅಮ್ಮ," ಎಂದಳು. ಮನುಷ್ಯರ ರಕ್ತದಲ್ಲಿ ಉಂಗುರ ಕಟ್ಟುವುದಿಲ್ಲ; ಅದನ್ನು ನಳಿಗೆಯಿಂದ ನಳಿಗೆಗೆ ತೆಳು ಮಾಡುತ್ತ ಹೋಗಿ ಸತ್ತ ಹುಳ ಬೆರೆಸಿಡುತ್ತಾರೆ. ನಳಿಗೆಯೊಳಗಿನ ನೀರು ಮೋಡದಂತೆ ಕಲಕಿಯೇ ಇದ್ದರೆ ಬಂದಿಲ್ಲ, ನೀರು ತಿಳಿಯಾಗಿ ತಳದಲ್ಲಿ ಚಾಪೆ ಹಾಸಿದ ಹಾಗೆ ಕೂತಿದ್ದರೆ ಬಂದಿದೆ.

ರಿಂಗಮ್ಮ ಮೊದಲ ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಆರೂ ನಳಿಗೆಗಳು ಬಾವಿಯ ನೀರಿನಂತೆ ತಿಳಿಯಾಗಿದ್ದವು. "ನನ್ನದು ಬಂದಿದೆ. ಕೊನೇವರೆಗೂ ಬಂದಿದೆ, ಬರೆದುಕೊಳ್ಳಿ," ಎಂದಳು.

"ಇನ್ನೊಂದು ಸಾಲು ಇವರದ್ದು."

ಅವಳು ಬಹಳ ಹೊತ್ತು ನೋಡಿದಳು. ಕೊನೆಯ ನಾಲ್ಕು ನಳಿಗೆಗಳಲ್ಲಿ ಮೋಡ. ಎರಡನೆಯದರಲ್ಲಿ ಮೋಡವೂ ಅಲ್ಲ, ತಿಳಿಯೂ ಅಲ್ಲ. ಮೊದಲನೆಯದರ ತಳದಲ್ಲಿ ಮಾತ್ರ ತೆಳ್ಳಗೆ, ಹಳೆಯ ಸೀಮೆಸುಣ್ಣದ ಗುರುತಿನಷ್ಟು ತೆಳ್ಳಗೆ, ಚಾಪೆ ಹಾಸಿತ್ತು. ಕಣ್ಣು ಮಂಜಾಗಿ ಮತ್ತೊಮ್ಮೆ ಒರೆಸಿಕೊಂಡು ನೋಡಿದಳು. ಮಾಸ್ಟರು ಸ್ಟೂಲಿನಿಂದ ಎದ್ದು ಬಂದು, ಡೈರಿಯ ಕಿಟಕಿಯಾಚೆ ನಿಂತವರ ಹಾಗೆಯೇ ಕತ್ತು ಉದ್ದ ಮಾಡಿದ್ದರು.

"ಬಂದಿದೆಯಾ, ಬಂದಿಲ್ವಾ?"

"ಬಂದಿದೆ," ಎಂದಳು ರಿಂಗಮ್ಮ. "ಹಳೇದು. ಸ್ವಲ್ಪವೇ ಉಳಿದಿದೆ. ಆದರೆ ಬಂದಿದೆ."

"ಬಂದಿದೆ!" ಮಾಸ್ಟರು ವಾರ್ಡಿನ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ನನಗೆ ರೋಗ ಇತ್ತು! ನಾಟಕ ಅಲ್ಲ, ನಿಜವಾದ ರೋಗ!" ಪಕ್ಕದ ಮಂಚದ ಮುದುಕಿ ಗಾಬರಿಯಾಗಿ ಹೊದಿಕೆ ಎಳೆದುಕೊಂಡಳು. ರೋಗ ಬಂದದ್ದಕ್ಕೆ ಇಷ್ಟು ಸಂತೋಷಪಟ್ಟವರನ್ನು ಆ ಆಸ್ಪತ್ರೆ ಕಂಡಿರಲಿಕ್ಕಿಲ್ಲ.

ಲ್ಯಾಬಿನಾಕೆ ಚೀಟಿ ತೆಗೆದು ಬರೆಯಲು ಹೋದಳು. ಮಾಸ್ಟರು ತಡೆದು ಪೆನ್ನನ್ನು ಹೆಂಡತಿಯ ಕೈಗೆ ಕೊಟ್ಟರು. "ಇವಳೇ ಬರೀಲಿ," ಎಂದರು. ರಿಂಗಮ್ಮ ದಿಂಬಿಗೆ ಒರಗಿ, ದುಂಡಗೆ, ಡೈರಿಯ ಪಟ್ಟಿಯಲ್ಲಿ ಬರೆಯುತ್ತಿದ್ದ ಹಾಗೆಯೇ, "ಬಂದಿದೆ" ಎಂದು ಬರೆದಳು. ಮಾಸ್ಟರು ಅದನ್ನು ಎರಡು ಸಲ ಓದಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ಎದುರಿಗೆ ಬಾಯಿಬಿಟ್ಟು "ಅಮ್ಮಾ, ನೋವು" ಎಂದರು.

"ಎಲ್ಲಿ?" ಎಂದು ಕೇಳಿ ರಿಂಗಮ್ಮ ಮಂಚದಲ್ಲಿ ಅವರಿಗೆ ಜಾಗ ಮಾಡಿಕೊಟ್ಟಳು.